ತಡೀರಿ, ನಾನೇ ಹೇಳ್ತೀನಿ

ಆ ಮನೆಯಲ್ಲಿ ಚಿಕ್ಕಿಯ ಮಾತು ಚಿಕ್ಕಿಯ ಬಾಯಲ್ಲೇ ಮುಗಿದದ್ದು ಅಪರೂಪ. ಶುರು ಮಾಡುವವಳು ಅವಳು, ಮುಗಿಸುವವರು ಮಿಕ್ಕವರು. ಊಟಕ್ಕೆ ಕೂತಾಗ ಅವಳು "ನೀ... ನೀ..." ಅಂದರೆ ಸಾಕು, ಅಪ್ಪ ಧಡಕ್ಕನೆ ಎದ್ದು ಲೋಟದ ತುಂಬ ನೀರು ತಂದು ಮುಂದಿಡುತ್ತಿದ್ದರು. ಅವಳು ಕೇಳಹೊರಟದ್ದು ನೀಲಿ ಪೆನ್ನು ಯಾರು ತಗೊಂಡ್ರಿ ಅಂತ. ಆದರೆ ಮಗಳಿಗೆ ಸಹಾಯ ಮಾಡಿದೆ ಅನ್ನುವ ಅಪ್ಪನ ಖುಷಿ ನೋಡಿ, "ಅದಲ್ಲಪ್ಪ" ಅನ್ನುವುದಕ್ಕೆ ಮತ್ತೆ ಹೆಣಗಬೇಕಲ್ಲ ಅಂತ ಬೇಸರವಾಗಿ, ಆ ನೀರನ್ನೇ ಕುಡಿದು ಸುಮ್ಮನಾಗುತ್ತಿದ್ದಳು. ಹಾಗೆ ಬಾಯಾರಿಕೆ ಇಲ್ಲದೆ ಅವಳು ಕುಡಿದ ನೀರಿಗೆ ಲೆಕ್ಕವಿಲ್ಲ.

ಚಿಕ್ಕಿ ಅನ್ನುವುದು ಅಕ್ಕನ ಮಗಳು ಇಟ್ಟ ಹೆಸರು. ಚಿಕ್ಕಮ್ಮ ಅನ್ನಲು ಬಾರದ ವಯಸ್ಸಿನಲ್ಲಿ ಆ ಮಗು ಹಾಗೆ ಕರೆಯಿತು, ಅದೇ ಮನೆಮಂದಿಯ ಬಾಯಲ್ಲೆಲ್ಲ ನಿಂತಿತು. ಮಗು ದೊಡ್ಡದಾಗುತ್ತ ಅದರ ತೊದಲು ಹೋಯಿತು. ಚಿಕ್ಕಿಯ ಉಗ್ಗು ಹೋಗಲಿಲ್ಲ. ಯಾವ ಅಕ್ಷರ ಯಾವಾಗ ಗಂಟಲಲ್ಲಿ ಕಾಲು ಚಾಚಿ ಕೂರುತ್ತದೆ ಅಂತ ಅವಳಿಗೂ ಗೊತ್ತಿರುತ್ತಿರಲಿಲ್ಲ; ಆದರೆ ಪ, ಬ, ಕ ಮಾತ್ರ ಖಾಯಂ ವೈರಿಗಳು. ಶಾಲೆಯಲ್ಲಿ ಅವಳನ್ನು ಚುಕುಬುಕು ಅನ್ನುತ್ತಿದ್ದರು. ಅಕ್ಕ ಅದೇ ಶಾಲೆಯ ದೊಡ್ಡ ತರಗತಿಯಲ್ಲಿದ್ದಳು. ಹಾಗೆ ಕರೆದವರ ಜಡೆ ಹಿಡಿದು ಜಗ್ಗಿ ಬರುತ್ತಿದ್ದಳು. ತಂಗಿಯ ಪರವಾಗಿ ಜಗಳ ಆಡುವುದು, ಅಂಗಡಿಯಲ್ಲಿ ತಂಗಿಗೆ ಬೇಕಾದ್ದು ಕೇಳುವುದು, ಡಾಕ್ಟರ ಹತ್ತಿರ ತಂಗಿಗೆ ಎಲ್ಲಿ ನೋವು ಅಂತ ಹೇಳುವುದು, ಎಲ್ಲ ಅಕ್ಕನೇ. ಒಮ್ಮೆ ಎಡಗಿವಿ ನೋವಿಗೆ ಬಲಗಿವಿಗೆ ಔಷಧಿ ಬಿತ್ತು. ಚಿಕ್ಕಿ ಅದನ್ನೂ ಹಾಕಿಸಿಕೊಂಡು ಬಂದಳು.

ಅವಳಿಗೆ ಅವಳದೇ ಒಂದು ಉಪಾಯವಿತ್ತು. ಕಷ್ಟದ ಮಾತು ಎದುರು ಬಂದರೆ ಪಕ್ಕದ ಓಣಿಗೆ ತಿರುಗಿಬಿಡುವುದು. ಕಿಟಕಿ ಅನ್ನಲಾಗದಿದ್ದರೆ "ಗಾಳಿ ಆಡೋ ಜಾಗ" ಅನ್ನುವುದು. ಕನ್ನಡಿಗೆ "ಮುಖ ನೋಡೋ ಗಾಜು". ಶಾಲೆಯ ಮೇಡಂ ಒಬ್ಬರು ಈ ಹುಡುಗಿಗೆ ಕವಿತೆ ಬರೆಯುವ ಗುಣವಿದೆ ಅಂತ ಅಪ್ಪನಿಗೆ ಹೇಳಿ ಕಳಿಸಿದ್ದರು.

ಬ್ಯಾಂಕಿನ ಕೆಲಸ ಸಿಕ್ಕಿದ್ದೂ ಹೀಗೆ ಓಣಿ ತಿರುಗಿಯೇ. ಬರೆಯುವ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಸಂದರ್ಶನದಲ್ಲಿ "ನಮ್ಮ ಬ್ಯಾಂಕನ್ನೇ ಯಾಕೆ ಆರಿಸ್ಕೊಂಡ್ರಿ?" ಅಂತ ಕೇಳಿದರು. ಹೇಳಬೇಕಾದ್ದೆಲ್ಲ ಬ ಮತ್ತು ಪ ಅಕ್ಷರದಲ್ಲೇ ಇತ್ತು. ಅವಳು ಒಂದು ಗಳಿಗೆ ಯೋಚಿಸಿ, "ಮನೆಗೆ ಹತ್ತಿರ ಸರ್" ಅಂದಳು. ಕೂತವರೆಲ್ಲ ನಕ್ಕುಬಿಟ್ಟರು. ನಕ್ಕವರು ಕೆಲಸ ಕೊಟ್ಟರು. ಹುದ್ದೆಯ ಹೆಸರು ಗ್ರಾಹಕ ಸೇವಾ ಸಹಾಯಕಿ. ಅದಕ್ಕಿಂತ ಕೆಳಗಿನ ಹುದ್ದೆ ಆ ಶಾಖೆಯಲ್ಲಿ ಇರಲಿಲ್ಲ.

ಮೊದಲ ದಿನ ಮ್ಯಾನೇಜರು ಅವಳನ್ನು ಕರೆದು, ಕೆಲಸವನ್ನೆಲ್ಲ ವಿವರಿಸಿ, "ಎಲ್ಲ ಅರ್ಥ ಆಯ್ತಾ?" ಅಂದರು.

"ಆಯ್ತು ಸರ್."

"ಭಯ ಏನೂ ಇಲ್ವಲ್ಲ?"

"ಇಲ್ಲ ಸರ್."

ಮ್ಯಾನೇಜರಿಗೆ ಸಮಾಧಾನವಾಯಿತು. ಮಾತು ಕಡಿಮೆ, ಗಂಭೀರ ಸ್ವಭಾವದ ಹುಡುಗಿ, ಪರವಾಗಿಲ್ಲ ಅಂದುಕೊಂಡು ಅವಳನ್ನು ಬಾಗಿಲ ಪಕ್ಕದ ವಿಚಾರಣೆ ಮೇಜಿಗೆ ಹಾಕಿದರು. ಆ ಮೇಜಿನಿಂದ ತಪ್ಪಿಸಿಕೊಳ್ಳದವರು ಆ ಶಾಖೆಯಲ್ಲಿ ಯಾರೂ ಇರಲಿಲ್ಲ. ಹೊರಗಿಂದ ಬಂದ ಪ್ರತಿಯೊಬ್ಬರೂ ಮೊದಲು ಬಂದು ಬೀಳುವುದು ಅಲ್ಲಿಗೇ. ಮಿಷನ್ನು ಕಾರ್ಡು ನುಂಗಿದ್ದು, ಸಹಿ ಹೊಂದದ್ದು, ಹೆಬ್ಬೆರಳಿನ ಗುರುತು ಸವೆದುಹೋದದ್ದು, ಗಂಡನ ಮೇಲಿನ ಸಿಟ್ಟು, ಎಲ್ಲದಕ್ಕೂ ಅದೇ ಕಟಕಟೆ. ಎದುರಿಗೆ ಸಾಲಾಗಿ ಬೆಸೆದ ಕಬ್ಬಿಣದ ಕುರ್ಚಿಗಳು. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಬಕೆಟ್ಟು. ದಾರಕ್ಕೆ ಕಟ್ಟಿದ, ಯಾವತ್ತೂ ಬರೆಯದ ಪೆನ್ನು. ಮೂಲೆಯಲ್ಲಿ ಪಾಸ್‌ಬುಕ್ಕು ಅಚ್ಚು ಮಾಡುವ ಹಳೇ ಮಿಷನ್ನು, ಅದರ ಮುಂದೆ ಯಾವಾಗಲೂ ಒಂದು ಸಾಲು.

ಮಾರನೆಯ ದಿನ ಬೆಳಗ್ಗೆಯೇ ಮ್ಯಾನೇಜರಿಗೆ ಗೊತ್ತಾಯಿತು. ಅವಳು ಯಾರಿಗೋ "ಪ್... ಪ್..." ಅನ್ನುತ್ತಿದ್ದುದು ಅವರ ಕ್ಯಾಬಿನ್ನಿನ ತನಕ ಕೇಳಿಸಿತು. ಅವರು ತಲೆ ಎತ್ತಿ ನೋಡಿದರು, ಮತ್ತೆ ತಲೆ ತಗ್ಗಿಸಿದರು. ಕೆಟ್ಟವರಲ್ಲ ಅವರು. ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತಿಯಾದರೆ ಸಾಕು ಅನ್ನುವ ಜಾತಿ.

ಅಷ್ಟರಲ್ಲಿ ಚಿಕ್ಕಿ ಬ್ಯಾಂಕಿನ ಭಾಷೆಗೂ ತನ್ನ ಓಣಿಗಳನ್ನು ಕಟ್ಟಿಕೊಂಡಳು. ಪಾಸ್‌ಬುಕ್ಕಿಗೆ "ನಿಮ್ಮ ದುಡ್ಡಿನ ಲೆಕ್ಕ", ಕೌಂಟರಿಗೆ "ಆ ಗಾಜಿನ ಹತ್ತಿರ", ಕಾರ್ಡಿಗೆ "ಅದು". ದಿನ ಹೇಗೋ ಸಾಗುತ್ತಿತ್ತು. ಒಮ್ಮೆ ಒಬ್ಬರು ಮೇಷ್ಟ್ರು ಬಂದರು, ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಬಸ್ಸಿನಲ್ಲಿ ಕಾರ್ಡು ಕಳೆದುಹೋಗಿತ್ತು. ಏನು ಮಾಡಲಿ ತಾಯಿ ಅಂದರು. ಕಾರ್ಡು ಬ್ಲಾಕ್ ಮಾಡಿಸಿ ಅನ್ನಬೇಕಿತ್ತು, ಅಷ್ಟೇ. ಎರಡೇ ಮಾತು, ಎರಡೂ ಗಂಟಲಿಗೆ ಬಂದ ವೈರಿಗಳು. ಹಿಂದೆ ಸಾಲು ಬೆಳೆದಿತ್ತು. ಚಿಕ್ಕಿ ಓಣಿ ತಿರುಗಿದಳು.

"ಅದನ್ನ ನಿಲ್ಲಿಸ್ಬೇಕು ಅಂತ ಆ ಗಾಜಿನ ಹತ್ತಿರ ಹೇಳಿ ಸರ್."

ಮೇಷ್ಟ್ರು ಹೋಗಿ, "ನನ್ನದು ನಿಲ್ಲಿಸ್ಬೇಕಂತೆ" ಅಂದರು. ಅಲ್ಲಿದ್ದವರು ಖಾತೆ ಮುಚ್ಚುವ ಫಾರಂ ಕೊಟ್ಟರು. ತೋರಿಸಿದ ಕಡೆ ಮೇಷ್ಟ್ರು ಅಂದವಾಗಿ ಸಹಿ ಮಾಡಿದರು. ಖಾತೆಯಲ್ಲಿದ್ದದ್ದನ್ನೆಲ್ಲ ಕೈಗೆ ಕೊಟ್ಟಾಗಲೂ, ಕಾರ್ಡು ಕಳೆದರೆ ಹೀಗೇ ಕೊಡ್ತಾರೇನೋ ಅಂದುಕೊಂಡು ಜೇಬಿಗೆ ಇಟ್ಟುಕೊಂಡು ಮನೆಗೆ ಹೋದರು. ಮುಂದಿನ ತಿಂಗಳು ಪಿಂಚಣಿ ಬರದೆ ಇದ್ದಾಗ ಗೊತ್ತಾದದ್ದು. ಆಮೇಲೆ ಹೊಸ ಖಾತೆಗೆ ಹೊಸ ಫೋಟೋ, ಹೊಸ ಸಹಿ, ಪಿಂಚಣಿ ಆಫೀಸಿಗೆ ಅಲೆದಾಟ. ಮಂಡಿ ನೋವಿನ ಮನುಷ್ಯ ಪ್ರತಿ ಸಲವೂ ಆ ಕಬ್ಬಿಣದ ಕುರ್ಚಿಯಲ್ಲಿ ಕೂತು, ಏಳುವಾಗ ಪಕ್ಕದವರ ಭುಜ ಹಿಡಿದು ಏಳುತ್ತಿದ್ದರು. ಒಂದು ದಿನ ಚಿಕ್ಕಿ ಎದ್ದು ಹೋಗಿ ಅವರ ಮುಂದೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಅವರು, "ಬಿಡಮ್ಮ, ಪರವಾಗಿಲ್ಲ, ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಅಂದರು.

ಅವರು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ. ಬೈಯಲಿಲ್ಲವಲ್ಲ, ಆ ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಸುಲಭದ ದಾರಿ ಹುಡುಕಿಕೊಂಡದ್ದು ನಾನು, ನಡೆದು ಸುಸ್ತಾದದ್ದು ಅವರು.

ಅವತ್ತು ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ಅವಳು ಜೋರಾಗಿಯೇ ಅಂದಳು: "ಬ್... ಬ್... ಬ್ಲಾಕ್." ಪಕ್ಕದಲ್ಲಿ ನಿಂತಿದ್ದ ಹೆಂಗಸು ಚೀಲ ಎದೆಗವಚಿಕೊಂಡು ಒಂದು ಮಾರು ದೂರ ಸರಿದಳು. ಚಿಕ್ಕಿ ಮತ್ತೆ ಅಂದಳು. ನಾಚಿಕೆಗಿಂತ ಸಿಟ್ಟು ಜಾಸ್ತಿ ಇತ್ತು. ಇನ್ನು ಮೇಲೆ ಓಣಿಗೀಣಿ ಇಲ್ಲ, ಮಾತು ಎಷ್ಟು ಹೊತ್ತು ಹಿಡಿದರೂ ಅದೇ ಮಾತು, ಕಾಯುವವರು ಕಾಯಲಿ ಅಂತ ತೀರ್ಮಾನ ಮಾಡಿಕೊಂಡೇ ಬಸ್ಸು ಹತ್ತಿದಳು.

ಮಾರನೆಯ ದಿನದಿಂದ ವಿಚಾರಣೆ ಮೇಜಿನ ಮುಂದೆ ಸಾಲು ಉದ್ದವಾಯಿತು. ಅವಳು "ಪ್... ಪ್..." ಅನ್ನುತ್ತಿದ್ದ ಹಾಗೆ ಎದುರಿನವರು ತಮಗೆ ತೋಚಿದ್ದನ್ನು ಎಸೆಯುತ್ತಿದ್ದರು. "ಪಾನ್ ಕಾರ್ಡಾ? ಪಿನ್ ನಂಬರಾ? ಪೆನ್ನು ಬೇಕಾ?" ಅವಳು ಅಂಗೈ ಎತ್ತಿ ಟ್ರಾಫಿಕ್ ಪೊಲೀಸಿನ ಹಾಗೆ ಹಿಡಿಯುತ್ತಿದ್ದಳು. "ತಡೀರಿ, ನಾನೇ ಹೇಳ್ತೀನಿ." ಈ ಒಂದು ವಾಕ್ಯ ಮಾತ್ರ ಯಾವ ದೇವರ ದಯೆಯೋ, ಒಂದೂ ಕಡೆ ಸಿಕ್ಕಿಕೊಳ್ಳದೆ ಬರುತ್ತಿತ್ತು. ಕೆಲವರು ಫೋನು ತೆಗೆದು ನೋಡುತ್ತ ನಿಂತರು. ಕೆಲವರು ಚಾವಣಿ ನೋಡಿದರು. ಒಬ್ಬಾಕೆ ಪಕ್ಕದವಳ ಹತ್ತಿರ, "ಪಾಪ, ಹುಟ್ಟಿದಾಗಿಂದಲೂ ಹೀಗೇನಾ?" ಅಂದಳು, ಚಿಕ್ಕಿ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

"ಪ್... ಪಾಪ ಅನ್ಬೇಡಿ," ಅಂದಳು ಚಿಕ್ಕಿ. "ಟೋಕನ್ ತಗೊಳ್ಳಿ."

ಬಾಗಿಲಲ್ಲಿ ನಿಲ್ಲುವ ಗಾರ್ಡನ್ನು ಎಲ್ಲರೂ ಗಾರ್ಡ್ ಮಾಮ ಅನ್ನುತ್ತಿದ್ದರು. ಹಿಂದೆ ಬಸ್ಸಿನ ಕಂಡಕ್ಟರ್ ಆಗಿದ್ದವನು. ಜನರನ್ನು ಗದರಿಸುವುದು ಅವನ ರಕ್ತದಲ್ಲೇ ಇತ್ತು. "ಏ, ಮೇಡಂ ಹೇಳೋ ತನಕ ಬಾಯಿ ಮುಚ್ಕೊಂಡು ನಿಂತ್ಕೊಳ್ರಿ" ಅಂತ ಅವನು ಒಮ್ಮೆ ಅಬ್ಬರಿಸಿದ. ಚಿಕ್ಕಿ ಅವನಿಗೂ ಅಂಗೈ ತೋರಿಸಿದಳು.

ಎಲ್ಲರಿಗಿಂತ ಆತುರದವರು ಕಬ್ಬಿಣದಂಗಡಿ ಸಾಹುಕಾರರು. ಅವರು ನಡೆಯುವುದು, ಉಣ್ಣುವುದು, ಬಹುಶಃ ನಿದ್ದೆ ಮಾಡುವುದು ಕೂಡ ಓಡುತ್ತಲೇ. ಒಂದು ಬೆಳಗ್ಗೆ ಬಂದು, ಅಂಗಡಿಯ ವಿಳಾಸ ಬದಲಾಗಿದೆ, ಎಲ್ಲಿ ಕೊಡಬೇಕು ಅಂತ ಕೇಳಿದರು.

"ಕ್... ಕೌ... ಕೌಂ..."

"ಕೌಂಟರ್ ನಾಲ್ಕಾ? ಸರಿ ಸರಿ." ಹೊರಟೇಬಿಟ್ಟರು.

"ತಡೀರಿ!" ಅಂತ ಚಿಕ್ಕಿ ಕೂಗಿದಳು. ಸಾಹುಕಾರರು ಹಿಂತಿರುಗಿ ನೋಡದೆ ಬೆನ್ನ ಹಿಂದೆ ಕೈ ಬೀಸಿದರು. ಅವಳು ಹೇಳಹೊರಟದ್ದು, ಕೌಂಟರಿಗೆ ಹೋಗುವುದೇ ಬೇಡ, ಇಲ್ಲೇ ನನ್ನ ಹತ್ತಿರವೇ ಕೊಡಿ ಅಂತ. ನಾಲ್ಕನೇ ಕೌಂಟರಿನ ಸಾಲಿನಲ್ಲಿ ಅವರು ಬೆವರಿ, ತಮ್ಮ ಸರದಿ ಬಂದಾಗ "ಇದು ವಿಚಾರಣೆ ಮೇಜಿನ ಕೆಲಸ" ಅನ್ನಿಸಿಕೊಂಡು, ಕೆಂಡವಾಗಿ ವಾಪಸು ಬಂದರು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೇ... ಹೇಳ್ತಾ ಇದ್ದೆ. ನೀವು ಹೋದ್ರಿ."

"ಮಾತು ಬರದೇ ಇರೋರನ್ನ ಬಾಗಿಲಲ್ಲಿ ಕೂರಿಸಿದಾರಲ್ಲ, ಇವರಿಗೇನು ಬುದ್ಧಿ ಕೆಟ್ಟಿದೆಯಾ!"

ಚಿಕ್ಕಿಯ ಕಿವಿ ಬಿಸಿಯಾಯಿತು. ಆದರೂ ಅವರ ಕಾಗದ ಇಸಿದುಕೊಂಡು, ವಿಳಾಸ ಓದಿ, ಮೊಹರು ಒತ್ತಿ, ವಾಪಸು ಕೊಡುವಾಗ ಹೇಳಿದಳು: "ಮಾತು ಬ್... ಬ್... ಬರುತ್ತೆ. ನಿಮಗೆ ಕ್... ಕೇಳಿಸ್ಕೊಳ್ಳೋದು ಬ್... ಬರಲ್ಲ."

ಸಾಹುಕಾರರು ಈ ಸಲ ಓಡಿದ್ದು ಮ್ಯಾನೇಜರ ಕ್ಯಾಬಿನ್ನಿಗೆ.

ಹೊರಗೆ ಹೋಗುವ ದಾರಿಯಲ್ಲಿ ಒಂದು ಯಂತ್ರ ನಿಲ್ಲಿಸಿದ್ದರು. ಹಸಿರು ನಗುಮುಖ, ಹಳದಿ ಸಪ್ಪೆಮುಖ, ಕೆಂಪು ಸಿಟ್ಟಿನ ಮುಖ. ಸೇವೆ ಹೇಗಿತ್ತು ಅಂತ ಜನ ಒತ್ತಿ ಹೋಗಬೇಕು. ಸಾಹುಕಾರರು ಹೋಗುವಾಗ ಕೆಂಪು ಮುಖಕ್ಕೆ ಮೊಳೆ ಹೊಡೆಯುವ ಹಾಗೆ ಗುದ್ದಿ ಹೋದರು. ಆ ವಾರದ ಲೆಕ್ಕದಲ್ಲಿ ಕೆಂಪು ಬೆಳೆಯಿತು. ಮುಂದಿನ ವಾರ ಇದ್ದಕ್ಕಿದ್ದ ಹಾಗೆ ಹಸಿರು ಜಾಸ್ತಿಯಾದಾಗ ಚಿಕ್ಕಿಗೆ ಅನುಮಾನ ಬಂತು. ಕಣ್ಣಿಟ್ಟು ನೋಡಿದಳು. ಜನ ಇಲ್ಲದ ಹೊತ್ತಿನಲ್ಲಿ ಗಾರ್ಡ್ ಮಾಮ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತು, ಕೈ ಹಿಂದೆ ಮಾಡಿಕೊಂಡು, ಬೆರಳಿಂದ ಹಸಿರನ್ನು ಕುಟ್ಟುತ್ತಿದ್ದ. ಮುಖ ಮಾತ್ರ ಬಾಗಿಲ ಕಡೆ, ಬಹಳ ಗಂಭೀರ.

"ಮಾಮ!"

"ಬೆನ್ನು ಕೆರೀತಿತ್ತು ಮೇಡಂ."

"ನನಗೆ ಸುಳ್ಳು ನಗು ಬ್... ಬೇಡ ಮಾಮ. ಕ್... ಕೆಂಪು ಬಂದ್ರೆ ಬರಲಿ."

ಬಂದೇ ಬಂತು. ಮ್ಯಾನೇಜರು ಅವಳನ್ನು ಒಳಗೆ ಕರೆದು, ಕೂರಿಸಿ, ಟೀ ತರಿಸಿದರು. ಟೀ ತರಿಸಿದಾಗಲೇ ಅವಳಿಗೆ ಅರ್ಥವಾಯಿತು.

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಕೆಳಗಡೆ ಹಳೇ ಕಡತಗಳ ಕೋಣೆ ಇದೆ. ಫ್ಯಾನಿದೆ, ದೊಡ್ಡ ಮೇಜಿದೆ. ಯಾರೂ ಬರಲ್ಲ, ಯಾರ ಹತ್ತಿರಾನೂ ಮಾತಾಡಬೇಕಾಗಿಲ್ಲ. ಸಂಬಳ ಅದೇ. ಸೋಮವಾರದಿಂದ ಅಲ್ಲಿ ಕೂತ್ಕೊಳ್ಳಿ. ಎಷ್ಟು ಆರಾಮ ನೋಡಿ."

ಚಿಕ್ಕಿ ಉತ್ತರ ಶುರು ಮಾಡಿದಳು. ಮ್ಯಾನೇಜರು, "ಈಗಲೇ ಹೇಳಬೇಕಾಗಿಲ್ಲ, ಯೋಚನೆ ಮಾಡಿ" ಅಂತ ಎದ್ದು ನಿಂತರು.

ಮನೆಯಲ್ಲಿ ಅವಳು ಸುದ್ದಿ ಹೇಳಿದಾಗ ಹಬ್ಬದ ವಾತಾವರಣ. "ಎಂಥಾ ಒಳ್ಳೆ ಮನುಷ್ಯ ನೋಡು!" ಅಂದರು ಅಪ್ಪ. ಅಕ್ಕ ಅವತ್ತು ಮಗಳನ್ನು ಕರೆದುಕೊಂಡು ಬಂದಿದ್ದಳು. "ನಾನು ಮೊದಲಿಂದ ಹೇಳ್ತಿಲ್ವಾ, ಇವಳಿಗೆ ಜನರ ಗಲಾಟೆ ಆಗಲ್ಲ ಅಂತ. ನಾಳೆ ನಾನೇ ಬಂದು ಮ್ಯಾನೇಜರಿಗೆ ಥ್ಯಾಂಕ್ಸ್ ಹೇಳಿ, ಕೋಣೇನೂ ಒಂದು ಸಲ ನೋಡ್ಕೊಂಡು ಬರ್ತೀನಿ." ಗಾಳಿ ಬೆಳಕು ಇದೆಯೋ ಇಲ್ಲವೋ ಅಂತ ಅಪ್ಪನಿಗೆ ಚಿಂತೆ. ಟಾರ್ಚು ಕೊಟ್ಟು ಕಳಿಸೋಣ ಅಂತ ಅಕ್ಕ. ಅಮ್ಮ ಒಬ್ಬಳೇ ರೊಟ್ಟಿ ತಟ್ಟುತ್ತ, ಚಿಕ್ಕಿಯ ಮುಖವನ್ನೇ ನೋಡುತ್ತಿದ್ದಳು.

"ನಾನು ಕ್... ಕ್..." ಅಂದಳು ಚಿಕ್ಕಿ.

"ಕೆಲಸ ಬಿಡಲ್ಲ ತಾನೆ? ಯಾರು ಬಿಡು ಅಂದ್ರು?" ಅಂದರು ಅಪ್ಪ.

"ಕ್... ಕ್..."

"ಕೋಣೆ ಚಿಕ್ಕದಾ?" ಅಂದಳು ಅಕ್ಕ.

ಚಿಕ್ಕಿ ಪಾತ್ರೆಯ ಮುಚ್ಚಳ ಎತ್ತಿ ಮೇಜಿನ ಮೇಲೆ ಬಡಿದಳು. ಮುಚ್ಚಳ ಕೈತಪ್ಪಿ, ನೆಲದ ಮೇಲೆ ಗಿರಗಿರ ತಿರುಗಿ, ಕೊನೆಗೆ ಅಪ್ಪನ ಕಾಲ ಹತ್ತಿರ ಹೋಗಿ ಮಲಗಿತು.

"ಯಾರೂ ಮಾತಾಡ್ಬೇಡಿ," ಅಂದಳು. "ನಾನು ಕ್... ಕ್... ಕ್..."

ಅಪ್ಪನ ತುಟಿ ತಾನಾಗಿಯೇ ಅಲುಗಿತು. ಅಮ್ಮ ಹಿಂದಿನಿಂದ ಬಂದು, ಹಿಟ್ಟು ಮೆತ್ತಿದ ಕೈಯನ್ನೇ ಅಪ್ಪನ ಬಾಯಿಗೆ ಅಡ್ಡ ಹಿಡಿದಳು. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಜಾಹೀರಾತಿಗೆ ಕುಣಿದು ಮುಗಿಸಿದರು.

"...ಕೆಳಗೆ ಹೋಗಲ್ಲ. ನನ್ನನ್ನ ಬ್... ಬ್... ಬಚ್ಚಿಡ್ತಿದಾರೆ. ನೀವೂ ಅದನ್ನೇ ಮಾಡಿದ್ರಿ. ಪ್... ಪ್ರೀತಿಯಿಂದ ಮಾಡಿದ್ರಿ, ಗೊತ್ತು. ಆದ್ರೂ ಮಾಡಿದ್ರಿ."

ಅಷ್ಟು ಉದ್ದದ ಮಾತನ್ನು ಆ ಮನೆಯಲ್ಲಿ ಅವಳು ತಾನೇ ಶುರು ಮಾಡಿ ತಾನೇ ಮುಗಿಸಿದ್ದು ಅದೇ ಮೊದಲು. ಅಕ್ಕನ ಕಣ್ಣು ತುಂಬಿತು. ಮಾತಾಡಲು ಹೋದವಳು, ಮಾತಾಡಬಾರದು ಅಂತ ನೆನಪಾಗಿ, ಬಾಯಿ ಮುಚ್ಚಿಕೊಂಡಳು. ಅಮ್ಮನ ಕೈಯನ್ನು ಅಪ್ಪ ಮೆಲ್ಲಗೆ ಸರಿಸಿ, ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡರು. ಊಟ ಆರಿಹೋಗಿತ್ತು. ಎಲ್ಲರೂ ಅದನ್ನೇ ಉಂಡರು.

ಸೋಮವಾರ ಚಿಕ್ಕಿ ಕೆಳಗೆ ಇಳಿಯಲಿಲ್ಲ. ನೇರ ಹೋಗಿ ವಿಚಾರಣೆ ಮೇಜಿನಲ್ಲಿ ಕೂತಳು. ಮ್ಯಾನೇಜರು ಎರಡು ಸಲ ಕ್ಯಾಬಿನ್ನಿನಿಂದ ಹೊರಗೆ ಬಂದು, ಎರಡು ಸಲ ಒಳಗೆ ಹೋದರು. ಕೊನೆಗೆ ಮೇಲಿನ ಆಫೀಸಿಗೆ ಫೋನು ಮಾಡಿದರು. ಅದೇ ವಾರ ಒಬ್ಬ ಅಧಿಕಾರಿ ಬಂದರು, ಕತ್ತರಿಸಿದ ಕೂದಲಿನ, ನೆಟ್ಟಗೆ ನಡೆಯುವ ಹೆಂಗಸು. ಮ್ಯಾನೇಜರ ಕುರ್ಚಿಯಲ್ಲಿ ಅವರು ಕೂತರು. ಮ್ಯಾನೇಜರು ಗೋಡೆಗೆ ಒರಗಿ ನಿಂತರು.

ಚಿಕ್ಕಿ ಒಳಗೆ ಬರುತ್ತಿದ್ದ ಹಾಗೆ ಅಧಿಕಾರಿ ಒಂದೊಂದೇ ಅಕ್ಷರ ಬಿಡಿಸಿ, ಜೋರಾಗಿ, "ಬಾ... ಮ್ಮಾ... ಕೂ... ತ್ಕೋ" ಅಂದರು.

"ನನಗೆ ಕ್... ಕಿವಿ ಚೆನ್ನಾಗಿ ಕ್... ಕೇಳುತ್ತೆ ಮೇಡಂ."

ಅಧಿಕಾರಿ ಒಂದು ಖಾಲಿ ಹಾಳೆ, ಪೆನ್ನು ಅವಳ ಕಡೆ ತಳ್ಳಿದರು. ಈಗ ಮಾಮೂಲಿ ದನಿಯಲ್ಲಿ, "ನನಗೆ ಇನ್ನೊಂದು ಶಾಖೆಗೆ ಹೋಗೋದಿದೆ. ಕೆಳಗಿನ ಕೆಲಸ ಯಾಕೆ ಬೇಡ ಅಂತ ಬರೆದು ಕೊಡಿ. ನಿಮಗೂ ಸುಲಭ, ನನಗೂ ಸುಲಭ" ಅಂದರು.

ಚಿಕ್ಕಿ ಹಾಳೆಯನ್ನು ವಾಪಸು ತಳ್ಳಿದಳು.

"ಹೇಳ್ತೀನಿ ಮೇಡಂ. ನನ್ನ ಕ್... ಕೆ..."

ಮ್ಯಾನೇಜರಿಗೆ ತಡೆಯಲಾಗಲಿಲ್ಲ. "ಅವರು ಹೇಳೋದು ಏನಂದ್ರೆ ಮೇಡಂ..."

"ತಡೀರಿ ಸರ್, ನಾನೇ ಹೇಳ್ತೀನಿ."

ಅಧಿಕಾರಿಯ ಫೋನು ಬಡಿದುಕೊಂಡಿತು. ಅವರು ಫೋನನ್ನೂ ಚಿಕ್ಕಿಯನ್ನೂ ನೋಡಿದರು. "ನೀವು ಮುಗಿಸಿ ಮೇಡಂ, ನಾನು ಕ್... ಕಾಯ್ತೀನಿ" ಅಂದಳು ಚಿಕ್ಕಿ. ಕಾಯುವುದು ಹೇಗೆ ಅಂತ ತೋರಿಸಿಕೊಡುವವಳ ಹಾಗೆ ಕೈ ಕಟ್ಟಿ ಕೂತಳು. ಅಧಿಕಾರಿ ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದರು.

ಆಮೇಲೆ ಅವಳು ಹೇಳಿದಳು. ಹೊತ್ತು ಹಿಡಿಯಿತು. ಒಂದೊಂದು ಕ ಮತ್ತು ಪ ಬಂದಾಗ ಅವಳ ಗದ್ದ ಬಿಗಿಯಿತು, ಕಣ್ಣು ಮುಚ್ಚಿಕೊಂಡಿತು, ಕೈ ತೊಡೆಯ ಬಟ್ಟೆಯನ್ನು ಹಿಂಡಿತು. ಒಂದು ಮಾತನ್ನೂ ಬದಲಿಸಲಿಲ್ಲ.

"ನನ್ನ ಕೆಲಸದಲ್ಲಿ ತಪ್ಪಿದ್ರೆ ತೋರಿಸಿ, ತಿದ್ಕೋತೀನಿ. ಒಂದು ಸಲ ತಪ್ಪು ಮಾಡಿದ್ದೆ. ಅದು ಬೇಗ ಬೇಗ ಹೇಳೋಕೆ ಹೋಗಿ ಆಗಿದ್ದು. ನಿಧಾನವಾಗಿ ಹೇಳೋಕೆ ಶುರು ಮಾಡಿದ ಮೇಲೆ ಆಗಿಲ್ಲ. ಆ ಮೂಲೇಲಿ ಪಾಸ್‌ಬುಕ್ ಮಿಷನ್ ಇದೆ. ಒಂದು ಸಾಲು ಹೊಡೆಯೋಕೆ ನನಗಿಂತ ಜಾಸ್ತಿ ತಡವರಿಸುತ್ತೆ. ಅದರ ಮುಂದೆ ಎಲ್ಲರೂ ತುಟಿಪಿಟಕ್ ಅನ್ನದೆ ನಿಲ್ತಾರೆ. ಅದನ್ನ ಯಾರೂ ಕೆಳಗೆ ಕಳಿಸಿಲ್ಲ."

ಗೋಡೆಯ ಹತ್ತಿರ ಮ್ಯಾನೇಜರು ಕೆಮ್ಮಿದರು.

ಅಧಿಕಾರಿ ನಗಲಿಲ್ಲ. "ಮಿಷನ್ನಿಗೆ ನಾವು ಸಂಬಳ ಕೊಡಲ್ಲ" ಅಂದರು.

"ರಿ... ರಿಪೇರಿಗೆ ಕ್... ಕೊಡ್ತೀರಲ್ಲ ಮೇಡಂ."

ಅಧಿಕಾರಿ ಚೀಲ ಎತ್ತಿಕೊಂಡರು. "ಅಹಂಕಾರ ಸ್ವಲ್ಪ ಜಾಸ್ತಿ ಇದೆ ನಿಮಗೆ. ಕೆಲಸ ಖಾಯಂ ಮಾಡೋದು ಈ ಸಲ ಆಗಲ್ಲ, ಮುಂದಕ್ಕೆ ಹಾಕ್ತೀನಿ. ಅಲ್ಲೀವರೆಗೆ ಕೆಂಪು ಕಡಿಮೆ ಆಗದಿದ್ರೆ ನಿಮ್ಮ ದಾರಿ ನಿಮಗೆ."

"ಆಗಲಿ ಮೇಡಂ. ಮೇಜು?"

ಅಧಿಕಾರಿ ಬಾಗಿಲ ಹತ್ತಿರ ಹೋದವರು ತಿರುಗಿ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಅದೇ ಮೇಜು" ಅಂದು ಹೊರಟುಹೋದರು.

ಖಾಯಂ ಆಗದ ಕೆಲಸ ಅಂದರೆ ತಮಾಷೆಯಲ್ಲ. ಜೊತೆಗೆ ಸೇರಿದವರೆಲ್ಲ ಖಾಯಂ ಆದರು, ಸಿಹಿ ಹಂಚಿದರು. ಚಿಕ್ಕಿ ಅವರ ಸಿಹಿ ತಿಂದು ತನ್ನ ಮೇಜಿಗೆ ಬಂದು ಕೂತಳು. ಹೊಟ್ಟೆಯಲ್ಲಿ ಉರಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಉರಿಯಲ್ಲೇ ಎದ್ದು ಮ್ಯಾನೇಜರ ಹತ್ತಿರ ಹೋಗಿ, ತನ್ನ ಮೇಜಿನ ಮುಂದೆ ಜನರಿಗೆ ಒಂದು ಕುರ್ಚಿ ಬೇಕು ಅಂತ ಕೇಳಿದಳು. ನಿಂತವರಿಗೆ ಆತುರ, ಕೂತವರು ಕಾಯುತ್ತಾರೆ, ಇದು ಅವಳ ವಾದ. ಮಂಜೂರಾತಿಗೆ ಬರೆಯಬೇಕು, ಮೇಲಿಂದ ಬರಬೇಕು ಅಂತೆಲ್ಲ ಗೊಣಗಿದ ಮ್ಯಾನೇಜರು, ಸಂಜೆ ತಮ್ಮ ಕ್ಯಾಬಿನ್ನಿನ ಮೆತ್ತನೆಯ ಕುರ್ಚಿಯೊಂದನ್ನು ತಾವೇ ಎಳೆದುಕೊಂಡು ಬಂದು ಇಟ್ಟರು. ಆ ಕುರ್ಚಿ ಬಂದ ಮೇಲೆ ಕೆಂಪು ನಿಜವಾಗಿಯೂ ಇಳಿಯಿತು. ಪೂರ್ತಿ ಹೋಗಲಿಲ್ಲ. ಕಬ್ಬಿಣದಂಗಡಿ ಸಾಹುಕಾರರು ತಮ್ಮ ವ್ಯವಹಾರವನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಎತ್ತಿಕೊಂಡು ಹೋದರು. ಚಿಕ್ಕಿಗೆ ಅದರಿಂದ ಒಂದು ಹೊತ್ತಿನ ಊಟವೂ ಕಹಿಯಾಗಲಿಲ್ಲ. ಮುಂದಿನ ವರ್ಷ ಅವಳ ಕೆಲಸ ಖಾಯಂ ಆಯಿತು. ಸಿಹಿ ಹಂಚುವ ಸರದಿ ಅವಳದಾಗಿತ್ತು. ಅವಳು ಖಾರ ಹಂಚಿದಳು.

ಮನೆಯಲ್ಲಿ ಅಪ್ಪ ಕಾಯಲು ಕಲಿತರು, ಕಷ್ಟಪಟ್ಟು. ಚಿಕ್ಕಿಯ ಮಾತು ಸಿಕ್ಕಿಕೊಂಡಾಗ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಸೀನು ತಡೆಯುವವರ ಹಾಗೆ ಕಣ್ಣರಳಿಸಿ ಕೂರುತ್ತಿದ್ದರು. ಅಕ್ಕ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದಕ್ಕೆ ಚಿಕ್ಕಿ ಒಂದು ಔಷಧಿ ಕಂಡುಹಿಡಿದಳು. ಅಕ್ಕ ಮಧ್ಯೆ ಬಾಯಿ ಹಾಕಿ ಮಾತು ಮುಗಿಸಿದರೆ, ಮತ್ತೆ ಮೊದಲಿನಿಂದ ಶುರು ಮಾಡುವುದು. ಒಂದು ಮಧ್ಯಾಹ್ನ ಒಂದೇ ವಾಕ್ಯ ಹೀಗೆ ನಾಲ್ಕು ಸಲ ಶುರುವಾದ ಮೇಲೆ ಅಕ್ಕ ಕೈ ಮುಗಿದು, "ನಿನ್ನ ಮಾತು ನೀನೇ ಇಟ್ಕೋ ಮಾರಾಯ್ತಿ" ಅಂದಳು.

ಇಷ್ಟೆಲ್ಲ ಆದ ಮೇಲೂ ಅವಳು ಮುಟ್ಟದ ವಸ್ತು ಒಂದಿತ್ತು. ಅವಳ ಮೇಜಿನ ಮೇಲಿನ ಫೋನು. ಎದುರಿಗೆ ನಿಂತವರಿಗೆ ಅವಳ ಮುಖ ಕಾಣುತ್ತದೆ, ಮಾತು ಬರುತ್ತಿದೆ ಅಂತ ಗೊತ್ತಾಗುತ್ತದೆ. ಫೋನಿನಲ್ಲಿ ಅವಳ ಮೌನ ಬರೀ ಮೌನ. ಲೈನು ಸತ್ತಿದೆ ಅಂತ ಜನ ಇಟ್ಟುಬಿಡುತ್ತಾರೆ. ಅದಕ್ಕೇ ಅದು ಬಡಿದುಕೊಂಡಾಗಲೆಲ್ಲ ಯಾರಾದರೂ ಬಂದು ಎತ್ತುತ್ತಿದ್ದರು, ಅವಳೂ ಎತ್ತಲು ಬಿಡುತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅದು ಕೂಗತೊಡಗಿತು. ಕೂಗಿತು, ನಿಂತಿತು, ಮತ್ತೆ ಕೂಗಿತು. ಗಾರ್ಡ್ ಮಾಮ ಬುತ್ತಿಯ ಡಬ್ಬಿ ಹಿಡಿದು ಓಡಿ ಬಂದ. ಚಿಕ್ಕಿ ಅವನಿಗೆ ಅಂಗೈ ತೋರಿಸಿ, ತಾನೇ ಎತ್ತಿದಳು.

"ನ... ನಮಸ್ಕಾರ, ಬ್... ಬ್..."

"ಹಲೋ? ಹಲೋ? ಥತ್, ಲೈನೇ ಸರಿಯಿಲ್ಲ." ಒಂದು ಹೆಂಗಸಿನ ದನಿ. ಫೋನು ಇಟ್ಟ ಸದ್ದು.

ಮತ್ತೆ ಬಂತು. ಮತ್ತೆ ಅದೇ ಆಯಿತು. ಮೂರನೇ ಸಲ ಆ ದನಿಗೆ ರೇಗಿತ್ತು. "ಏನ್ರೀ, ಆಟ ಆಡ್ತಿದೀರಾ?"

"ಲೈನ್ ಸರಿಯಾಗಿದೆ," ಅಂದಳು ಚಿಕ್ಕಿ. "ನಾನು ಹೀ... ಹೀಗೇ ಮಾತಾಡೋದು. ಇಡ್ಬೇಡಿ."

ಆ ಕಡೆ ಕುಕ್ಕರು ಕೂಗಿದ ಸದ್ದು. ಆಮೇಲೆ ಆ ದನಿ ತಗ್ಗಿತು. "ಸರಿ, ಇಡಲ್ಲ. ನನ್ನ ಕಾರ್ಡು ಎಲ್ಲೋ ಬಿದ್ದುಹೋಗಿದೆ. ಈಗ ಏನು ಮಾಡ್ಬೇಕು, ಅದನ್ನ ಹೇಳಿ."

ಚಿಕ್ಕಿ ಕುರ್ಚಿ ಹತ್ತಿರ ಎಳೆದುಕೊಂಡು, ಗಾರ್ಡ್ ಮಾಮನಿಗೆ ಬೆನ್ನು ಮಾಡಿ, ಸರಿಯಾಗಿ ಕೂತಳು. ಸ್ವಲ್ಪ ಹೊತ್ತು ಹಿಡಿಯುವ ಮಾತು.

"ಕ್..." ಅಂತ ಶುರು ಮಾಡಿದಳು.